ಕೂಸು ಮಲಗಬೇಕಿತ್ತು

ಪುಣೆಯ ಆಸ್ಪತ್ರೆಯೊಂದರಲ್ಲಿ ನಾನು ಎಂಆರ್‌ಐ ಯಂತ್ರ ನಡೆಸುತ್ತಿದ್ದೆ. ಅದೇ ಊರಿನ ಕೊಂಢವಾ ಬಡಾವಣೆಯಲ್ಲಿ ಕಟ್ಟಡದ ಕೆಲಸಕ್ಕೆಂದು ಯಾದಗಿರಿ ಕಡೆಯಿಂದ ಬಂದಿದ್ದ ಅಜ್ಜಿಯೊಬ್ಬಳು ಒಂದು ದಿನ ಎಳೆಯ ಮೊಮ್ಮಗನನ್ನು ಎತ್ತಿಕೊಂಡು ಬಂದಳು. ಹುಟ್ಟುವಾಗ ಉಸಿರು ಕಟ್ಟಿ ಕೂಸು ಅತ್ತಿರಲಿಲ್ಲ. ಮಿದುಳಿಗೆ ಪೆಟ್ಟು ಬಿದ್ದಿದೆಯೇ ಎಂದು ಡಾಕ್ಟರು ನೋಡಬೇಕಿತ್ತು. ಅದಕ್ಕೆ ಕೂಸು ಅಲುಗಾಡದೆ ಮಲಗಬೇಕು.

ಹಾಲು ಕುಡಿಸಿ, ಬಟ್ಟೆಯಲ್ಲಿ ಸುತ್ತಿ ಹೊರಗಿನ ಕೋಣೆಯಲ್ಲಿ ಮಲಗಿಸಿದೆವು. ನಾನು ಯಂತ್ರ ಸಿದ್ಧಮಾಡಲು ಹೋದೊಡನೆ ಕೂಸು ಎದ್ದು ಕಿರುಚಿತು. ಮತ್ತೆ ಮಲಗಿಸಿದೆವು, ಮತ್ತೆ ಕಿರುಚಿತು. ಮೂರನೆಯ ಸಲ ಗಾಜಿನ ಆಚೆಯಿಂದ ಕದ್ದು ನೋಡಿದೆ. ಅಜ್ಜಿ ಬಟ್ಟೆಯೊಳಗೆ ಕೈ ತೂರಿಸಿ ಕೂಸಿನ ಅಂಗಾಲು ಕೆರೆಯುತ್ತಿದ್ದಳು!

“ಏನ್ ಮಾಡಾಕತ್ತೀರಿ ಯವ್ವಾ?”

“ಹುಟ್ಟಿದಾಗ ಇಂವ ಅಳಲಿಲ್ಲಂತ ಮನಿಮಂದೆಲ್ಲಾ ಅತ್ತೀವ್ರಿ ಸಾಹೇಬ್ರ. ಇಂವ ಸುಮ್ಮನಾದ್ರ ನನ್ನ ಜೀವ ತಡಿಯಂಗಿಲ್ಲ.”

ಅವಳ ಮೂಗುತಿ, ಪಿನ್ನು ಎಲ್ಲ ತೆಗೆಸಿ, ಇಬ್ಬರ ಕಿವಿಯನ್ನೂ ಮುಚ್ಚಿ, ಅವಳನ್ನೂ ಯಂತ್ರದ ಕೋಣೆಯೊಳಗೇ ಕೂಸಿನ ಪಕ್ಕ ಕೂರಿಸಿದೆ. ಯಂತ್ರ ಗಡಗಡ ಎನ್ನುತ್ತಿದ್ದರೂ ಅವಳು ಕೂಸಿನ ಎದೆಯ ಮೇಲೆ ಹಗುರವಾಗಿ ಕೈಯಿಟ್ಟು, ಉಸಿರಾಟವನ್ನು ಮುಟ್ಟಿ ನೋಡುತ್ತ ಕುಳಿತಳು. ಕೂಸು ಕೊನೆಯವರೆಗೂ ಮಲಗಿತ್ತು.

ಚಿತ್ರ ನೋಡಿದ ಡಾಕ್ಟರು ದೊಡ್ಡ ಪೆಟ್ಟೇನೂ ಕಾಣುತ್ತಿಲ್ಲ, ಆದರೂ ಬೆಳೆಯುವಾಗ ಆಗಾಗ ಕರೆತರಬೇಕು ಎಂದು ಮರಾಠಿಯಲ್ಲಿ ಹೇಳಿದರು. ನಾನು ಕನ್ನಡದಲ್ಲಿ ಹೇಳಿದೆ. ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡು ನನ್ನ ಹತ್ತಿರ ಬಗ್ಗಿದಳು.

“ತಲಿ ಒಳಗ ಅವರಪ್ಪನ ಹಟ ಏನರೆ ಕಾಣ್ತೇನ್ರಿ?”

“ಹಟ ಚಿತ್ರದಾಗ ಬರಂಗಿಲ್ರಿ ಯವ್ವಾ” ಎಂದೆ. ಅಜ್ಜಿಯ ಹಟವೇ ಕೂಸಿಗೆ ಬಂದಿದ್ದರೆ ಇನ್ನೂ ಕಷ್ಟ ಎನ್ನುವುದನ್ನು ಮಾತ್ರ ನನ್ನಲ್ಲೇ ಇಟ್ಟುಕೊಂಡೆ.