ಕರಿ ಕೋಳಿಗಾಗಿ ಇಪ್ಪತ್ತೊಂದು ದಿನದ ಹಟ

ಗದಗ ಜಿಲ್ಲೆಯ ಮಾಗಡಿ ಕೆರೆಯ ಕಡೆ ಇನ್ನೂ ಬೆಳಕು ಹರಿದಿಲ್ಲ. ದಿಲಶಾದಬಿಯವರ ಹಿತ್ತಲಲ್ಲಿ ಆಗಲೇ ಹತ್ತು ಹುಂಜಗಳು ಒಂದರ ಮೇಲೊಂದು ಕೂಗಿ ಓಣಿಯನ್ನೆಲ್ಲ ಎಬ್ಬಿಸಿವೆ. ಜೋಳದ ನುಚ್ಚಿನ ಬುಟ್ಟಿ ಹಿಡಿದ ಅವರು ಒಂದು ಕೋಳಿ ಕೋಣೆಯ ಬಾಗಿಲು ತೆರೆದು ಒಳಹೋಗಿ, ಮೊದಲು ಬಾಗಿಲು ಹಾಕುತ್ತಾರೆ. ಕಾಳು ಆಮೇಲೆ. ಹೊರಬಂದು ಚಿಲಕವನ್ನು ಎರಡು ಸಲ ಎಳೆದು ನೋಡುತ್ತಾರೆ. ಪೇಪರಿಗೆ ಬರೆಯಲು ಹೋದ ನನಗೆ ನಗು ಬಂದದ್ದು ಅವರಿಗೆ ಕಂಡುಬಿಡುತ್ತದೆ.

"ನಗಬ್ಯಾಡ್ರಿ. ಈ ಚಿಲಕದ ಸಲುವಾಗಿ ಹದಿನೆಂಟ ದಿನದಿಂದ ನನ್ನ ತಲಿ ಕೆಟ್ಟೈತಿ."

ಇರುವುದು ನಾಲ್ಕು ಕೋಣೆ. ಒಂದರಲ್ಲಿ ಕರಿ ಜವಾರಿ: ಒಂದು ಹುಂಜ, ಒಂಬತ್ತು ಹ್ಯಾಟಿ, ಅಂದರೆ ಹೆಣ್ಣು ಕೋಳಿ. ಇನ್ನೊಂದರಲ್ಲಿ ಚುಕ್ಕಿಯವು. ಮೂರನೆಯದರಲ್ಲಿ ಲಕ್ಷ್ಮೇಶ್ವರದ ಸಂತೆಗೆಂದು ಬೆಳೆಸುವ ದಪ್ಪ ಮೈಯ ಫಾರಂ ತಳಿ. ಕೊನೆಯದರಲ್ಲಿ ಹ್ಯಾಟಿಯ ಮುಖವನ್ನೇ ಕಾಣದ ಏಳು ಹುಂಜಗಳು. ಊರವರು ಅದಕ್ಕೆ 'ಬ್ರಹ್ಮಚಾರಿ ಹಾಸ್ಟೆಲ್' ಎಂದು ಹೆಸರಿಟ್ಟಿದ್ದಾರೆ. ಅಲ್ಲಿ ಜಗಳವೇ ಇಲ್ಲ!

"ಹ್ಯಾಟಿ ಕಣ್ಣಿಗೆ ಬೀಳಬಾರದ್ರಿ, ಅಷ್ಟ. ಬಿತ್ತಂದ್ರ ಒಂದ ತಾಯಿ ಮಕ್ಕಳಾದ್ರೂ ರಕ್ತ ಬರೂತನಕ ಬಡದಾಡತಾವ" ಅನ್ನುತ್ತಾರೆ ದಿಲಶಾದಬಿ. ಅದಕ್ಕೇ ಕೋಣೆಗಳ ನಡುವೆ ಬರೀ ಜಾಳಿಗೆ ಇಲ್ಲ, ಎದೆಮಟ್ಟ ತಗಡಿನ ಪತ್ರಾಸು ಬಡಿದಿದ್ದಾರೆ.

ಗದಗ ಹೊಸ ಜಿಲ್ಲೆಯಾದ ವರ್ಷ ಮದುವೆಯಾಗಿ ಬಂದ ಇವರ ಕೈಗೆ ಅತ್ತೆ ಖೈರುನಬಿ ಕೊಟ್ಟದ್ದು ಈ ಕರಿ ಕೋಳಿಗಳನ್ನು. ತತ್ತಿಯ ಮೇಲೆ ಕೂತರೆ ಮರಿಯಾಗುವತನಕ ಏಳದ ಜಾತಿ. ಸೊಸೆಗೆ ಒಂದು ವರ್ಷ ಆಸೆ ಹೆಚ್ಚಾಯಿತು. ಮೈ ದಪ್ಪವಾಗಲಿ ಎಂದು ಕರಿ ಹ್ಯಾಟಿಗಳ ನಡುವೆ ಫಾರಂ ಹುಂಜ ಬಿಟ್ಟರು. ಮರಿಗಳು ಜೋರಾಗಿಯೇ ಬೆಳೆದವು. ಆದರೆ ಒಂದೂ ಕಾವಿಗೆ ಕೂರಲಿಲ್ಲ.

"ತತ್ತಿ ಇಟ್ಟು ತಮ್ಮ ಪಾಡಿಗೆ ತಾವು ಹೋಗೂವ್ರಿ! ನಮ್ಮತ್ತಿ ಒಂದ ತಿಂಗಳ ನನ್ನ ಕೂಡ ಮಾತಾಡಲಿಲ್ಲ."

ಶಿರಹಟ್ಟಿಯ ನೆಂಟರ ಮನೆಯಲ್ಲಿ ಉಳಿದಿದ್ದ ಮೂರು ಹ್ಯಾಟಿ, ಒಂದು ಹುಂಜ ತಂದು ಮತ್ತೆ ಮೊದಲಿನಿಂದ ಶುರು ಮಾಡಿದರು. ಕೋಣೆಗಳು ಎದ್ದದ್ದು ಆಗಲೇ.

ಈಗ ಆದದ್ದಿಷ್ಟು. ಹದಿನೆಂಟು ದಿನದ ಹಿಂದೆ ನೀರಿಡಲು ಹೋದ ಗಂಡ ಮರ್ದಾನಸಾಬರು ಎರಡು ಕೋಣೆಯ ಚಿಲಕ ಮರೆತರು. ಫಾರಂ ಹುಂಜ ಅರ್ಧ ತಾಸು ಕರಿ ಹ್ಯಾಟಿಗಳ ನಡುವೆ ಇತ್ತು. ಅಷ್ಟು ಸಾಕು, ಎರಡು ಮೂರು ವಾರ ಹ್ಯಾಟಿ ಇಡುವ ತತ್ತಿಯಲ್ಲಿ ಅದರ ಗುಣ ಸೇರಿಕೊಳ್ಳುತ್ತದೆ. ಇಪ್ಪತ್ತೊಂದು ದಿನ ಮುಗಿಯುವತನಕ ಮರಿ ಮಾಡಲು ಯಾರಿಗೂ ಕರಿ ಕೋಳಿಯ ತತ್ತಿ ಕೊಡುವುದಿಲ್ಲ ಎಂದು ದಿಲಶಾದಬಿ ಪಟ್ಟು ಹಿಡಿದಿದ್ದಾರೆ.

ಏಳು ಗಂಟೆಗೆ ಪಕ್ಕದ ಓಣಿಯ ಉಡಚವ್ವ ಬರುತ್ತಾರೆ, ಇದು ಮೂರನೇ ಸಲ. ಅವರ ಮನೆಯಲ್ಲಿ ಕೋಳಿ ಕಾವಿಗೆ ಕೂತಿದೆ, ಕೆಳಗಿಡಲು ತತ್ತಿ ಇಲ್ಲ.

"ಇವತ್ತರ ಕೊಡಬೇ. ಕೋಳಿ ಖಾಲಿ ಬುಟ್ಯಾಗ ಕುಂತು ಸೊರಗಾಕತ್ತೈತಿ."

"ಇನ್ನ ಮೂರ ದಿನ ತಡಿ ಯಕ್ಕಾ. ಇಲ್ಲಾ, ಚುಕ್ಕಿವು ಒಯ್ಯಿ."

"ನನಗ ಕರೀವ ಬೇಕು. ತತ್ತಿ ಮ್ಯಾಲ ಏನ ಸಿಕ್ಕಾ ಹೊಡದಿರತಾರ? ಯಾರಿಗೆ ಗೊತ್ತಾಗತೈತಿ?"

"ಈಗ ಗೊತ್ತಾಗಂಗಿಲ್ಲ. ಬರೂ ವರ್ಷ ಆ ಮರಿ ದೊಡ್ಡದಾಗಿ ತತ್ತಿ ಬಿಟ್ಟ ಎದ್ದ ಹೋದಾಗ ನಿನ್ನ ಮಾರಿ ಹೆಂಗ ನೋಡ್ಲಿ ನಾ?"

ಉಡಚವ್ವ ಮುಖ ತಿರುಗಿಸಿ ಕೂರುತ್ತಾರೆ. ದಿಲಶಾದಬಿ ಜಗ್ಗುವವರಲ್ಲ. ಅಂದಿನ ಆರು ಕರಿ ತತ್ತಿಯನ್ನು ನಮ್ಮೆದುರೇ ಒಡೆದು, ಉಳ್ಳಾಗಡ್ಡಿ ಹಾಕಿ ಹುರಿದು, ರೊಟ್ಟಿಯ ಜೊತೆ ಇಬ್ಬರ ಮುಂದೆಯೂ ಇಡುತ್ತಾರೆ. ಹದಿನೆಂಟು ದಿನದಿಂದ ಈ ಮನೆಯಲ್ಲಿ ಇದೇ ಪಲ್ಯವಂತೆ. ಮರ್ದಾನಸಾಬರು ಪಿಟ್ಟೆನ್ನದೆ ತಿನ್ನುತ್ತಿದ್ದಾರಂತೆ, ಪಾಪ!

ಉಡಚವ್ವ ತಿಂದು ಕೈ ತೊಳೆದು ಎದ್ದರು. "ಆತು. ಅಲ್ಲೀತನಕ ಕೋಳಿ ಕೆಳಗ ಬಿಳಿ ಕಲ್ಲ ಇಟ್ಟಿರತೀನಿ, ತತ್ತಿ ಅಂತ ತಿಳದ ಕುಂತಿರತೈತಿ. ಆಮ್ಯಾಲೆ ಇಟ್ಟ ಮೊದಲನೇ ಹನ್ನೆರಡೂ ನನಗ, ನೆನಪಿರಲಿ."

ಅವರು ಹೋದ ಮೇಲೆ, ಪೇಪರಿನಲ್ಲಿ ನಿಮ್ಮ ಬಗ್ಗೆ ಏನು ಬರೆಯಲಿ ಎಂದು ಕೇಳಿದೆ. ದಿಲಶಾದಬಿ ಸೆರಗಿಗೆ ಕೈ ಒರೆಸಿಕೊಂಡರು.

"ನನ್ನ ಬಗ್ಗೆ ಏನೈತ್ರಿ ಬರಿಯಾಕ? ದಿಲಶಾದಬಿ ಕೊಟ್ಟ ಕೋಳಿ ಕಾವ ಬಿಟ್ಟ ಏಳಂಗಿಲ್ಲ ಅಂತ ನಾಕ ಊರಾಗ ಅಂದ್ರ ಸಾಕು."