ಸದ್ದು ಕಡಿಮೆಯಾದ ಎದೆ

ಮುಳಬಾಗಿಲಿನಲ್ಲಿ ಕಿವಿ ಅಂದರೆ ಡಾಕ್ಟರ್ ಶೇಷಗಿರಿಯಪ್ಪನವರದು. ಕಾಲಿಗೆ ಮುಳ್ಳು ಚುಚ್ಚಿಸಿಕೊಂಡು ಹೋದರೂ ಮೊದಲು ಎದೆಗೆ ಸ್ಟೆತಾಸ್ಕೋಪು ಇಡುತ್ತಾರೆ. ಫ್ಯಾನು ನಿಲ್ಲಿಸಿ, ಕಿಟಕಿ ಮುಚ್ಚಿ, ಬೀದಿಯ ಲಾರಿಗೂ "ಸುಮ್ನಿರಯ್ಯ" ಎಂದು ಗದರುತ್ತಾರೆ. ಹೃದಯದ ಕವಾಟ ಕೆಟ್ಟಿದ್ದರೆ ಅದರ ಸದ್ದನ್ನು ಬಾಯಲ್ಲೇ ಮಾಡಿ ತೋರಿಸುತ್ತಾರೆ. ಬೆಂಗಳೂರಿಗೆ ಹೃದಯದ ಸ್ಕ್ಯಾನ್ ಮಾಡುವ ಎಕೋ ಯಂತ್ರ ಬಂದ ಹೊಸತರಲ್ಲಿ, "ಎದೆಯೊಳಗಿನ ಸಿನಿಮಾ ನೋಡೋಕೆ ಅಷ್ಟು ದೂರ ಯಾಕ್ರೀ? ನನ್ನ ಕಿವಿ ಇಲ್ವಾ?" ಎಂದು ನಗುತ್ತಿದ್ದವರು ಈಗ ಎಲ್ಲರಿಗೂ ಎಕೋಗೆ ಚೀಟಿ ಬರೆಯುತ್ತಾರೆ. ಸದ್ದು ಜೋರಾಗಿರುವವರನ್ನು ಬಸ್ಸು ಹತ್ತಿಸಿ ಬರುತ್ತಾರೆ. ಇದ್ದ ಸದ್ದು ಸಣ್ಣಗಾದವರ ಜೊತೆ ಮಾತ್ರ ಕ್ಲಿನಿಕ್ಕು ಮುಚ್ಚಿ ತಾವೇ ಹೋಗುತ್ತಾರೆ. ಹಿಂದೆ ತಾಯಲೂರಿನ ಕದಿರಮ್ಮ ಎಂಬ ಹುಡುಗಿಯ ಕೆಟ್ಟ ಕವಾಟದ ಸದ್ದು ವರ್ಷದಿಂದ ವರ್ಷಕ್ಕೆ ಇಳಿದಾಗ, "ನನ್ನ ಮಾತ್ರೆ ಕೆಲಸ ಮಾಡ್ತು ಕಣಮ್ಮ, ಧೈರ್ಯವಾಗಿ ಮದ್ವೆ ಆಗು" ಎಂದು ಹರಸಿದ್ದವರು ಅವರೇ. ಮದುವೆಯಾದ ಕದಿರಮ್ಮ ಏಳು ತಿಂಗಳ ಬಸುರಿಯಾಗಿದ್ದಾಗ ಉಸಿರು ಕಟ್ಟಿ ಬೆಂಗಳೂರಿನ ಆಸ್ಪತ್ರೆ ಸೇರಿದವಳು ತಿರುಗಿ ಬರಲಿಲ್ಲ. ಅವಳ ಎಕೋ ವರದಿ ಬಂತು. ಕವಾಟ ಎಷ್ಟು ಕಿರಿದಾಗಿತ್ತೆಂದರೆ, ಸದ್ದು ಮಾಡುವಷ್ಟು ರಕ್ತವೂ ಅದರಲ್ಲಿ ಹರಿಯುತ್ತಿರಲಿಲ್ಲ. ಈಗಲೂ ಯಾರಾದರೂ ತಾಯಿ ಮಗಳನ್ನು ಮುಂದೆ ಕೂರಿಸಿ, "ಸದ್ದು ಕಮ್ಮಿ ಆಗೈತಾ, ಸಾರ್?" ಎಂದು ಆಸೆಯಿಂದ ಕೇಳಿದರೆ, ಡಾಕ್ಟರು ಎಕೋಗೆ ಚೀಟಿ ಬರೆದು, ಎದ್ದು ಚಪ್ಪಲಿ ಮೆಟ್ಟಿಕೊಳ್ಳುತ್ತಾರೆ.