ಹಾಯಿಕಂಬದ ಕೆಳಗಿನ ಕುದುರೆ ಲಾಳ

೧೯೮೩ರಲ್ಲಿ ನಾನು ಯಶವಂತಪುರದ ಒಂದು ಫೈಬರ್‌ಗ್ಲಾಸ್ ಕಾರ್ಖಾನೆಯಲ್ಲಿ ಸೂಪರ್‌ವೈಸರ್. ನೀರಿನ ಟ್ಯಾಂಕು, ಕುರ್ಚಿಗಳ ನಡುವೆ ನಾವು ಒಂದೇ ಒಂದು ಹಾಯಿದೋಣಿಯನ್ನೂ ಮಾಡಿದ್ದೆವು. ಗದಗಿನವನಾದ ನಾನು ಅಷ್ಟು ನೀರನ್ನು ಒಟ್ಟಿಗೆ ನೋಡಿದ್ದೇ ಹೆಬ್ಬಾಳದ ಕೆರೆಯಲ್ಲಿ; ಆದರೂ ಆ ದೋಣಿಯ ವಿಷಯದಲ್ಲಿ ನನಗೆ ಜಂಬ ಬಹಳ. ಅದಕ್ಕೂ ನಾಲ್ಕು ವರ್ಷ ಹಿಂದೆ ಅದನ್ನು ಕೆರೆಯ ದಡದಲ್ಲಿ ಮಕ್ಕಳಿಗೆ ದೋಣಿ ನಡೆಸಲು ಕಲಿಸುವ ಒಂದು ತರಬೇತಿ ಕೇಂದ್ರಕ್ಕೆ ಕಳಿಸುವಾಗ ಕಾಯಿ ಒಡೆದವನೂ ನಾನೇ.

ಆ ದೋಣಿ ಲಾರಿಯಲ್ಲಿ ವಾಪಸ್ ಬಂತು. ಹಾಯಿ ಕಟ್ಟುವ ಕಂಬ ಒಂದೂವರೆ ಇಂಚು ಕುಸಿದಿತ್ತು. ಕಂಬ ನಿಲ್ಲುವುದು ತಳದಲ್ಲಿ ಅಡ್ಡಲಾಗಿ ಕೂರಿಸಿದ ಮರದ ತೊಲೆಯ ಮೇಲೆ. ತೊಲೆಗೆ ಫೈಬರ್‌ಗ್ಲಾಸ್ ಹೊದಿಸಿ ಮುಚ್ಚಿರುತ್ತೇವೆ. ಸುತ್ತಿಗೆಯಿಂದ ತಟ್ಟಿ ನೋಡಿದೆ. ಒಳಗೆ ಗಟ್ಟಿ ಮರವಿದ್ದರೆ ಟಣ್ ಎನ್ನಬೇಕು. ಇದು ದೊಬ್ ಎಂದಿತು. ಮರ ಕೊಳೆತಿತ್ತು.

“ಕಾರಣ ಬರೆದುಕೊಡಿ,” ಎಂದರು ಕೇಂದ್ರದ ಕಾರ್ಯದರ್ಶಿ. “ಮುನಿಯಪ್ಪ ಸರಿಯಾಗಿ ನೋಡ್ಕೊಂಡಿಲ್ಲ ಅಂತಾದ್ರೆ ಒಂದನೇ ತಾರೀಖಿಂದ ಅವನು ಬೇಡ.”

ಮುನಿಯಪ್ಪನವರು ದೋಣಿ ನೋಡಿಕೊಳ್ಳುತ್ತಿದ್ದವರು, ಹೆಬ್ಬಾಳದ ಹಳೇ ಊರಿನವರು, ಐವತ್ತು ದಾಟಿದವರು. ಮಾತು ಕೇಳಿಸುವಷ್ಟು ಹತ್ತಿರದಲ್ಲೇ ಲಾರಿಗೆ ಒರಗಿ ನಿಂತಿದ್ದರು.

ಮಾರನೆಯ ದಿನ ದೋಣಿಯ ಮುಂಭಾಗದೊಳಗೆ ತಲೆ ತೂರಿಸಿದಾಗ ತೊಲೆಯ ಎಡಗಡೆ ಒಂದು ಕುದುರೆ ಲಾಳ ಕಂಡಿತು. ಏಳು ಮೊಳೆ ಹೊಡೆದು ಕೂರಿಸಿದ್ದರು. ಮೊಳೆ ಫೈಬರ್ ತೂತು ಮಾಡಿ ಮರಕ್ಕಿಳಿದಿತ್ತು, ಹಿಂದೆಯೇ ನೀರೂ ಇಳಿದಿತ್ತು. ಸತ್ಯ ಹೇಳುತ್ತೇನೆ, ನನಗೆ ಖುಷಿಯಾಯಿತು. ಕಳ್ಳ ಸಿಕ್ಕಿದ್ದ.

ಮುನಿಯಪ್ಪನವರನ್ನು ಕರೆಸಿ, “ಇದನ್ನ ಯಾಕ್ ಬಡದ್ರಿ?” ಎಂದೆ.

“ಓದ್ ವರ್ಸ ದೋಣಿ ಮಗುಚ್ಕೊಂಡು ಒಂದ್ ಮಗು ಆ ಕಂಬದ ಬಟ್ಟೆ ಕೆಳ್ಗೆ ಸಿಕ್ಕಾಕ್ಕೊಂಡಿತ್ತು ಸಾಮಿ. ನಾನೇ ಎಳ್ಕೊಂಡ್ ಬಂದೆ. ಆಮೇಲೆ ಮನ್ಸು ತಡೀಲಿಲ್ಲ. ನಮ್ಮನೆ ಒಸ್ತಿಲಿನ ಲಾಳಾನೇ ಕಿತ್ತು ತಂದು ಇಲ್ಲಿ ಮೊಳೆ ಒಡ್ದೆ. ಮಕ್ಳಿಗೆ ದೃಷ್ಟಿ ಆಗ್ಬಾರ್ದಲ್ವಾ?”

ಫೈಬರ್ ಪದರ ಕತ್ತರಿಸಿ ತೆಗೆದೆವು. ಲಾಳದ ಸುತ್ತ ಒಂದು ಗೇಣು ಮರ ಕಪ್ಪಾಗಿತ್ತು. ಅದರಾಚೆ ಒಂದಷ್ಟು ಮರ ಗಟ್ಟಿಯಾಗಿಯೇ ಇತ್ತು. ಆದರೆ ಕಂಬದ ಅಡಿಯಿಂದ ಬಲ ತುದಿಯವರೆಗಿನದು ಕಾಫಿ ಚರಟದಂತೆ ಕೈಗೇ ಬಂತು. ಅಲ್ಲಿ ಮೊಳೆ ಇರಲಿಲ್ಲ. ನೆನಪಾಯಿತು: ದೋಣಿ ಮಾಡುವಾಗ ತೊಲೆ ಜಾಗದಲ್ಲಿ ಹಿಡಿಯದೆ ಬಲ ತುದಿಯನ್ನು ಅರ್ಧ ಇಂಚು ಕೊಯ್ದಿದ್ದೆ. ಕೊಯ್ದ ಮುಖಕ್ಕೆ ನೀರು ತಡೆಯುವ ರೆಸಿನ್ ಅಂಟನ್ನು ಮತ್ತೆ ಬಳಿಯದೆ, ಒಳಗ ಯಾರು ನೋಡ್ತಾರ ಎಂದು ಮೇಲೊಂದು ತೇಪೆ ಹಾಕಿ ಮುಚ್ಚಿದ್ದೆ. ಮರ ನೀರು ಕುಡಿಯುವುದು ಹೆಚ್ಚಾಗಿ ತುದಿಯಿಂದಲೇ. ತೇಪೆ ಬಿರಿದಿತ್ತು. ನನಗೆ ಬಹಳ ನಾಚಿಕೆಯಾಯಿತು.

ಎಂಟು ದಿನ ಬಲ್ಬು ಉರಿಸಿಟ್ಟು ಒಳಗನ್ನು ಒಣಗಿಸಿದೆವು. ವಾಟರ್‌ಪ್ರೂಫ್ ಪ್ಲೈವುಡ್ ಹಾಳೆಗಳನ್ನು ಅಂಟಿಸಿ ಹೊಸ ತೊಲೆ ಮಾಡಿ, ಆರೂ ಮುಖಕ್ಕೆ ಎರಡೆರಡು ಸಲ ರೆಸಿನ್ ಬಳಿದು, ಮೇಲೆ ನಾಲ್ಕು ಪದರ ಗಾಜಿನ ನಾರಿನ ಮ್ಯಾಟ್ ಹೊದಿಸಿದೆವು.

ವರದಿಯಲ್ಲಿ ಲಾಳದ ಸಾಲು ಸಲೀಸಾಗಿ ಬಂತು. ನನ್ನ ಸಾಲಿಗೆ ಮೂರು ಹಾಳೆ ಹರಿದೆ. ಯಾರೂ ಕುಂಬಳಕಾಯಿ ಕಳ್ಳ ಎನ್ನುವ ಮೊದಲೇ ಹೆಗಲು ಮುಟ್ಟಿಕೊಳ್ಳುವುದು ಅಷ್ಟು ಸುಲಭವಲ್ಲ.

“ಅಂದ್ರೆ ತಪ್ಪು ನಿಮ್ದೇನಾ?” ಎಂದರು ಕಾರ್ಯದರ್ಶಿ.

“ಹೌದ್ರಿ. ಆ ಮೊಳೆ ಇಲ್ಲದಿದ್ರೂ ಕಂಬ ಕುಸೀತಿತ್ತು.”

ಮುನಿಯಪ್ಪನವರ ಕೆಲಸ ಉಳಿಯಿತು. ನಮ್ಮ ಮಾಲೀಕರು ನನಗೆ ಮಂಗಳಾರತಿ ಎತ್ತಿದರು. ಕಾರಣ ಹುಡುಕುವವನು ಮೊದಲು ಸಿಕ್ಕ ಮೊಳೆಗೇ ನಿಲ್ಲಬಾರದು, ತಾನೇ ಮುಚ್ಚಿದ ತುದಿಯನ್ನೂ ಬಿಚ್ಚಿ ನೋಡಬೇಕು ಎಂಬುದನ್ನು ಮೂವತ್ತು ವರ್ಷದ ಕೆಲಸದಲ್ಲಿ ನಾನು ಆ ದೋಣಿಯಿಂದಲೇ ಕಲಿತೆ.

ದೋಣಿ ಲಾರಿಗೇರುವ ದಿನ ಲಾಳವನ್ನು ಉಜ್ಜಿ, ರೆಸಿನ್ ಹಚ್ಚಿ, ತೊಲೆಯ ಮೇಲೆ ಇದ್ದಲ್ಲೇ ಅಂಟಿಸಿದೆ. ಮುನಿಯಪ್ಪನವರು ಬಗ್ಗಿ ಬೆರಳಿಂದ ಅಲ್ಲಾಡಿಸಿ ನೋಡಿದರು.

“ಮೊಳೆ ಇಲ್ದೆ ಇಡ್ಕೊಳ್ತದಾ ಸಾಮಿ?”

“ಹಿಡ್ಕೋತದ,” ಎಂದೆ. “ಈ ಸಲ ತುದೀ ತನಕ ಬಳದೀನಿ.”